ಮೈನಿಂಗ್ ಬೋರ್ಡು

ನನ್ನ ಗಂಡ ಅನಿಲ್ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದ ಮೇಲೆ ಯಾರೂ ನಂಬಲಿಕ್ಕಿಲ್ಲ. ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಫಿಟ್ಟರ್ ಕೆಲಸ. ಕೈಗೊಂದು ಸ್ಕ್ರೂಡ್ರೈವರ್ ಸಿಕ್ಕಿದರೆ ಸಾಕು, ನೆಟ್ಟಗೆ ತಿರುಗುತ್ತಿರುವ ಮಿಕ್ಸಿಯನ್ನೂ ಬಿಚ್ಚಿ ಹರಡಿಕೊಂಡು ಕೂರುತ್ತಾರೆ. ಮತ್ತೆ ಜೋಡಿಸುತ್ತಾರೆ, ಇಲ್ಲವೆನ್ನುವುದಿಲ್ಲ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಮಿಕ್ಕಿರುತ್ತವೆ. "ಇವು ಬೇಕಾಗಿರಲಿಲ್ಲ ಉಮಾ, ಕಂಪನಿಯವರು ಸುಮ್ನೆ ಹಾಕಿರ್ತಾರೆ" ಅನ್ನುತ್ತಾರೆ.

ಇಂಥವರು, ಮಗಳು ಅನು ಪರೀಕ್ಷೆಗೆ ಮನೆಯಲ್ಲೇ ಒಂದು ಕಂಪ್ಯೂಟರ್ ಬೇಕು ಅಂದರೆ ಅಂಗಡಿಗೆ ಹೋಗಿ ಹೊಸದನ್ನು ತರುತ್ತಾರೆಯೇ? "ನಾನೇ ಮಾಡ್ತೀನಿ" ಅಂದರು.

ಪರೀಕ್ಷೆಯ ವಿಷಯ ಹೇಳಬೇಕು. ನಾವಿರುವುದು ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಗಣಿಯ ಕಾಲದ ಒಂದು ಶೀಟಿನ ಮನೆ. ಇಲ್ಲಿ ಬೆಳೆದ ಮಕ್ಕಳಿಗೆ ನೆಲ ಅದುರುವುದು ಹೊಸತಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಒಮ್ಮೊಮ್ಮೆ ಕೆಳಗೆಲ್ಲೋ ಬಂಡೆ ಕುಸಿದು ಅಟ್ಟದ ಮೇಲಿನ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಬೇರೆ ಮಕ್ಕಳು ಹೆದರಿ ಬೀದಿಗೆ ಓಡಿದರೆ ಅನು ಮಾತ್ರ ನೆಲಕ್ಕೆ ಅಂಗೈ ಊರಿಕೊಂಡು ಕೂತಿರುತ್ತಿದ್ದಳು. "ಅಮ್ಮಾ, ಈ ಸಲ ಆ ಕಡೆಯಿಂದ ಬಂತು" ಅನ್ನುತ್ತಿದ್ದಳು. ನೆಲದ ಅದುರನ್ನು ಅಳೆಯುವ ಯಂತ್ರಗಳ ಬಗ್ಗೆ ಹೈದರಾಬಾದಿನ ಕಡೆ ಒಂದು ಸಂಸ್ಥೆಯಲ್ಲಿ ಎರಡು ವರ್ಷ ಓದಿಸುತ್ತಾರೆ, ಊಟ ವಸತಿಯೂ ಅವರದೇ ಅಂತ ಡಿಪ್ಲೊಮಾ ಓದುವಾಗ ಅವಳಿಗೆ ಗೊತ್ತಾಯಿತು. ಅವತ್ತಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

ಆ ಸಂಸ್ಥೆಯ ಪರೀಕ್ಷೆಯನ್ನು ಮನೆಯಲ್ಲೋ ಎಲ್ಲೋ ಒಂದು ಕಂಪ್ಯೂಟರಿನ ಮುಂದೆ ಒಬ್ಬರೇ ಕೂತು ಬರೆಯಬೇಕು. ಕ್ಯಾಮೆರಾ ನಮ್ಮನ್ನೇ ನೋಡುತ್ತಿರುತ್ತದೆ. ಜನ್ಮದಲ್ಲಿ ಎರಡೇ ಸಲ ಅವಕಾಶ. ಮೊದಲನೆಯದನ್ನು ಹೋದ ವರ್ಷ ರಾಬರ್ಟ್‌ಸನ್‌ಪೇಟೆಯ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಬರೆದಳು. ಅರ್ಧದಲ್ಲಿ ಕರೆಂಟ್ ಹೋಯಿತು. ಅಲ್ಲಿಗೆ ಒಂದು ಮುಗಿಯಿತು. ಉಳಿದದ್ದು ಇನ್ನೊಂದು, ಅದು ಹೋದರೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಅನಿಲ್ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋದರು. ಅಲ್ಲಿ ಸ್ಟೇಷನ್ ಹತ್ತಿರ ಬೈರೇಶ್ ಅನ್ನುವವರ ಅಂಗಡಿಯಿದೆ, ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ಹಳೆಯ ಭಾಗಗಳನ್ನೂ ಮಾರುತ್ತಾರೆ. ಸಾಯಂಕಾಲ ಇವರು ಒಂದು ಮದರ್‌ಬೋರ್ಡನ್ನು ಟವೆಲಿನಲ್ಲಿ ಸುತ್ತಿ, ಬಾಣಂತಿ ಮಗುವನ್ನು ತರುವ ಹಾಗೆ ಎದೆಗೆ ಅವುಚಿಕೊಂಡು ಬಂದರು. ಮುಖವೆಲ್ಲ ಬೆಳಕು.

"ಎಂಥಾ ಬೋರ್ಡು ಗೊತ್ತೇನೇ? ಮೈನಿಂಗ್‌ನದು!" ಅಂದರು.

ಕೆಜಿಎಫ್‌ನಲ್ಲಿ ಮೈನಿಂಗ್ ಅಂದರೆ ಒಂದೇ ಅರ್ಥ, ನಮ್ಮ ಚಿನ್ನದ ಗಣಿ. ಮೈನಿಂಗ್‌ನ ಕಬ್ಬಿಣದ ಮಂಚ, ಮೈನಿಂಗ್‌ನ ಬೀರು, ಮೈನಿಂಗ್‌ನ ಹಗ್ಗ: ಹರಾಜಿನಲ್ಲಿ ಸಿಕ್ಕ ಆ ಸಾಮಾನು ಯಾರ ಮನೆಯಲ್ಲಿದೆಯೋ ಅವರು ಅದನ್ನು ತೋರಿಸದೆ ಕಾಫಿ ಕೊಡುವುದಿಲ್ಲ. ತಲೆಮಾರು ಬಾಳುವ ಮಾಲು. ಯಾವುದೋ ಗಣಿ ಕಂಪನಿಯ ಆಫೀಸಿನಲ್ಲಿ ನೆರಳಲ್ಲಿ ಕೂತಿದ್ದ ಬೋರ್ಡು ಅಂತ ಇವರು ತಿಳಿದರು. ನಾನೂ ತಿಳಿದೆ, ಸುಳ್ಳು ಹೇಳಲಾರೆ. ನಮ್ಮತ್ತೆ ಚಿಕ್ಕವೆಂಕಟಮ್ಮನವರಂತೂ ಅದಕ್ಕೆ ಕುಂಕುಮವನ್ನೇ ಇಡಲು ಬಂದರು, ಅನು ಕೈ ಅಡ್ಡ ಹಿಡಿದಳು.

ಜೋಡಣೆ ಚೆನ್ನಾಗಿಯೇ ಆಯಿತು. ಈ ಸಲ ಒಂದು ಸ್ಕ್ರೂವೂ ಮಿಗಲಿಲ್ಲ. ಪರದೆ ಹೊತ್ತಿಕೊಂಡಾಗ ಅಪ್ಪ ಮಗಳು ಕುಣಿದುಬಿಟ್ಟರು. ಆಮೇಲೆ ಅನು ಒಳಗಿನ ಬಿಸಿ ತೋರಿಸುವ ಒಂದು ಲೆಕ್ಕವನ್ನು ಪರದೆಯ ಮೂಲೆಯಲ್ಲಿ ಇಟ್ಟಳು. ಪ್ರೊಸೆಸರಿನ ಬಿಸಿ ಸರಿಯಾಗಿತ್ತು. ಅದರ ಕೆಳಗೆ ಚಿಪ್‌ಸೆಟ್ ಅಂತ ಇನ್ನೊಂದು. ಅದು ಸುಮ್ಮನಿದ್ದಾಗಲೇ ಎಪ್ಪತ್ತು ಡಿಗ್ರಿ. ಸ್ವಲ್ಪ ಕೆಲಸ ಕೊಟ್ಟರೆ ಎಂಬತ್ತು, ಎಂಬತ್ತೈದು. ತೊಂಬತ್ತು ದಾಟಿ ಸ್ವಲ್ಪ ಹೊತ್ತಿಗೆ ಕ್ಯಾಮೆರಾದ ದೀಪ ಪಟಕ್ಕನೆ ಆರಿಹೋಯಿತು. ಕೀಬೋರ್ಡೂ ಸತ್ತಿತು.

ಚಿಪ್‌ಸೆಟ್ ಅಂದರೇನು ಅಂತ ಅನು ನನಗೆ ಚಿತ್ರ ಬರೆದು ಹೇಳಿಕೊಟ್ಟಳು. ಪ್ರೊಸೆಸರ್ ಯಜಮಾನನಂತೆ ನಡುವೆ ಕೂತಿರುತ್ತದಂತೆ, ಅದಕ್ಕೆ ದೊಡ್ಡ ಫ್ಯಾನು. ಕ್ಯಾಮೆರಾ, ಕೀಬೋರ್ಡು, ಹಾರ್ಡ್ ಡಿಸ್ಕು, ನೆಟ್ಟು, ಎಲ್ಲರ ಬೇಕು ಬೇಡಗಳೂ ಕೆಳಗೆ ಮೂಲೆಯಲ್ಲಿರುವ ಈ ಚಿಪ್ಪಿನ ಮೂಲಕವೇ ಹಾದು ಹೋಗಬೇಕಂತೆ. ಅದರ ಪಾಲಿಗೆ ಬಿಸ್ಕತ್ತಿನಗಲದ ಒಂದು ಫ್ಯಾನು. ಅದರ ಮೇಲೂ ಗ್ರಾಫಿಕ್ಸ್ ಕಾರ್ಡು ಅಡ್ಡ ಮಲಗಿ ಗಾಳಿ ಕಟ್ಟಿಹಾಕಿತ್ತು. ಅದನ್ನು ತೆಗೆದರೆ ಪರದೆಯೇ ಬರುವುದಿಲ್ಲ. ನನಗೆ ಎಲ್ಲಾ ಅರ್ಥವಾಯಿತು. ಅದು ಮನೆಯ ಸೊಸೆ. ಕೆಲಸ ನಿಲ್ಲುವವರೆಗೆ ಅದೊಂದಿದೆ ಅಂತ ಯಾರಿಗೂ ನೆನಪಿರುವುದಿಲ್ಲ.

ಮಾರನೆಯ ದಿನ ನಾನೂ ಬಂಗಾರಪೇಟೆಗೆ ಹೊರಟೆ. ಇವರೊಬ್ಬರೇ ಹೋದರೆ ಇನ್ನೊಂದು ಗಂಟು ತರುತ್ತಾರೆ ಅಂತ ನನಗೆ ಭಯ. ಅಂಗಡಿಯ ಮೆಟ್ಟಿಲಲ್ಲೇ ನಾನು ಶುರುಮಾಡಿದೆ. ಬೈರೇಶ್ ಪಾಪ, ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು.

"ಅಕ್ಕ, ನಾನ್ ಸುಳ್ಳೇಳಿಲ್ಲ. ಮೈನಿಂಗ್ ಬೋರ್ಡು ಅಂತ ಯೋಳೇ ಕೊಟ್ಟಿದ್ದು. ಕೇಳಿ ಅಣ್ಣನ್ನ."

"ಹೌದಪ್ಪಾ, ನೀನೇ ಮೈನಿಂಗ್‌ನದು ಅಂದೆ. ಅದಕ್ಕೇ ಅಲ್ವೇ ನಾನು ಹಿಂದೆ ಮುಂದೆ ನೋಡ್ದೆ ತಗೊಂಡಿದ್ದು?" ಅಂದರು ಅನಿಲ್.

ಬೈರೇಶ್ ಇವರ ಮುಖವನ್ನೇ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ ಅಣ್ಣ! ನಿಮ್ ಕೆಜಿಎಫ್ ಮೈನಿಂಗ್ ಅಲ್ಲಣ್ಣ ಅದು! ಕಂಪ್ಯೂಟ್ರಾಗೆ ಡಿಜಿಟಲ್ ದುಡ್ಡು, ಕಾಯಿನ್ ಅಗೀತಾರಲ್ಲ, ಆ ಮೈನಿಂಗು. ಒಂದೇ ಬೋರ್ಡಿಗೆ ಸಾಲಾಗಿ ಕಾರ್ಡು ಚುಚ್ಚಿ ಅಗ್ಲೂ ರಾತ್ರಿ ಓಡ್ಸಿರ್ತಾರೆ. ಚಿಪ್‌ಸೆಟ್ ಬೆಂದೋಗಿರ್ತೈತೆ, ಫ್ಯಾನ್ ಸವ್ದೋಗಿರ್ತೈತೆ. ಅದ್ ಗೊತ್ತಿದ್ದೇ ಜನ ಕಮ್ಮಿಗೆ ಕೇಳೋದು."

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ಮೈನಿಂಗ್ ಅನ್ನುವ ಒಂದು ಮಾತು ಕೇಳಿ ದುಡ್ಡು ಎಣಿಸಿಕೊಡುವ ಗಂಡಸು ಈ ಪ್ರಪಂಚದಲ್ಲಿ ನಮ್ಮೂರಿನಲ್ಲಿ ಮಾತ್ರ ಇರಲು ಸಾಧ್ಯ, ಅವನನ್ನೇ ಹುಡುಕಿ ನನಗೆ ಕಟ್ಟಿದ್ದಾರೆ. ಬಯ್ಯಬೇಕು ಅಂತ ತಿರುಗಿದರೆ ಅವರ ಮುಖ ಅಷ್ಟು ಸಣ್ಣಗಾಗಿತ್ತು. ಬೈರೇಶ್ ಕಡೆ ತಿರುಗಿ ಬೇರೆ ಬೋರ್ಡು ಇದೆಯೇ ಅಂತ ಕೇಳಿದೆ.

ಬೇರೆ ಬೋರ್ಡು ಬೈರೇಶ್ ಹತ್ತಿರ ಇರಲಿಲ್ಲ. ಆ ಪ್ರೊಸೆಸರಿಗೆ ಹೊಂದುವುದು ತರಿಸಲು ವಾರದ ಮೇಲಾಗುತ್ತದೆ, ಪರೀಕ್ಷೆ ಅದಕ್ಕಿಂತ ಮೊದಲೇ ಇತ್ತು. ಬಿಸಿ ಇಳಿಸಲು ಚಿಪ್ಪಿಗೆ ಸವರುವ ಪೇಸ್ಟಿನ ಒಂದು ಟ್ಯೂಬ್ ಕೊಟ್ಟರು. ಆ ಫ್ಯಾನಿನದು ಬೇರೆ ಅಳತೆ, ಅದು ಬಿಡಿಯಾಗಿ ಸಿಗುವುದೇ ಇಲ್ಲ ಅಂದರು. "ಉಸಾರಾಗ್ ನೋಡ್ಕಳಿ ಅಣ್ಣ" ಅಂತ ರೈಲಿನವರೆಗೂ ಜೊತೆಗೆ ಬಂದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಜ್ವರದ ಮಗುವಿರುವ ಮನೆಯಾಯಿತು. ಬರುವವರು ಹೋಗುವವರೆಲ್ಲ "ಎಷ್ಟಿದೆ ಈಗ?" ಅಂತಲೇ ಕೇಳುತ್ತಿದ್ದರು. ಅನಿಲ್ ಹಳೆಯ ಪೇಸ್ಟ್ ಕೆರೆದು ಹೊಸದು ಸವರಿದರು. ಐದು ಡಿಗ್ರಿ ಇಳಿಯಿತು. ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಟ್ಟರು. ಮೂರು ಇಳಿಯಿತು. ಮಧ್ಯಾಹ್ನ ಶೀಟು ಕಾಯುತ್ತಿದ್ದ ಹಾಗೆ ಇಳಿದದ್ದೆಲ್ಲ ಮತ್ತೆ ಏರಿತು.

"ಯಾಕ್ಲಾ ಅನಿಲ, ಜ್ವರ ಬಂದ್ರೆ ಅಣೆಗೆ ಒದ್ದೆ ಬಟ್ಟೆ ಆಕಲ್ವಾ? ಅಂಗೇ ಒಂದ್ ಬಟ್ಟೆ ಇಂಡಿ ಆಕ್ಲಾ ಅದರ್ ಮ್ಯಾಗೆ" ಅಂದರು ಅತ್ತೆ.

"ಅವ್ವಾ, ನಿನ್ ಕಾಲಿಗೆ ಬೀಳ್ತೀನಿ, ಅದರ ಹತ್ರ ನೀರು ತಗೊಂಡೋಗ್ಬೇಡ" ಅಂದರು ಇವರು.

ಕೊನೆಗೆ ಕೆಲಸಕ್ಕೆ ಬಂದದ್ದು ನಮ್ಮ ಟೇಬಲ್ ಫ್ಯಾನು. ಬಿಚ್ಚಿದ ಪೆಟ್ಟಿಗೆಗೆ ಎದುರಾಗಿ ಇಟ್ಟು ಜೋರು ಮಾಡಿದರೆ ಚಿಪ್‌ಸೆಟ್ ಎಪ್ಪತ್ತು ದಾಟುತ್ತಿರಲಿಲ್ಲ. ಎಷ್ಟು ಹೊತ್ತು ಓಡಿಸಿದರೂ ಕ್ಯಾಮೆರಾ ಆರಲಿಲ್ಲ. ಅವತ್ತು ಮನೆಯಲ್ಲಿ ಪಾಯಸ ಮಾಡಿದೆ.

ಪರೀಕ್ಷೆಯ ಹಿಂದಿನ ದಿನ ಅಭ್ಯಾಸದ ಪರೀಕ್ಷೆಯಿತ್ತು. ಅನು ಕೂತು ಒಂದು ಪ್ರಶ್ನೆ ಬರೆಯುವಷ್ಟರಲ್ಲಿ ಪರದೆಯ ಮೇಲೆ ಸೂಚನೆ ಬಂತು: ಕೋಣೆಯಲ್ಲಿ ಸದ್ದಿದೆ, ನಿಲ್ಲಿಸದಿದ್ದರೆ ಪರೀಕ್ಷೆ ಮುಂದುವರಿಯುವುದಿಲ್ಲ. ಟೇಬಲ್ ಫ್ಯಾನಿನ ಗರಗರ ಅವರಿಗೆ ಯಾರೋ ಪಿಸುಗುಟ್ಟಿದ ಹಾಗೆ ಕೇಳಿಸಿತೋ ಏನೋ. ಮೇಲಿನ ಫ್ಯಾನಿನದೂ ಕಟಕಟ. ಎರಡನ್ನೂ ಆರಿಸಿದ ಮೇಲೆ ಒಪ್ಪಿಕೊಂಡಿತು. ಆ ಪುಟ್ಟ ಫ್ಯಾನಿನ ಗುಂಯ್ ಸದ್ದಿಗೆ ಮಾತ್ರ ಏನೂ ಅನ್ನಲಿಲ್ಲ. ಅದೊಂದೇ ಓಡಿದರೆ ಎಂಬತ್ತೆಂಟಕ್ಕೆ ನಿಲ್ಲುತ್ತಿತ್ತು. ತೊಂಬತ್ತಕ್ಕೆ ಎರಡು ಕಡಿಮೆ. ಆ ಎರಡು ಡಿಗ್ರಿಯನ್ನು ನಂಬಿಕೊಂಡು ನನ್ನ ಮಗಳ ಭವಿಷ್ಯವಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಅಕ್ಕಪಕ್ಕದವರಿಗೆಲ್ಲ ಹೇಳಿ ಬಂದೆ. ಪಕ್ಕದ ಮನೆ ಪಾಪಕ್ಕ ಅರ್ಧ ರುಬ್ಬಿದ ಹಿಟ್ಟನ್ನು ಹಾಗೇ ಬಿಟ್ಟು, "ಕವಲೆಪಡಬೇಡ ಉಮಾ, ಚಿಂತೆ ಬೇಡ, ನಾನು ಕೆಮ್ಮೋದೂ ಇಲ್ಲ" ಅಂದಳು. ಅನು ಮುಂದಿನ ಕೋಣೆಯಲ್ಲಿ ಕೂತಳು. ನಿಯಮಗಳನ್ನು ಅವಳೇ ಓದಿ ಹೇಳಿದ್ದಳು. ಒಳಗೆ ಇನ್ನೊಬ್ಬರು ಕಾಲಿಟ್ಟರೆ ಪರೀಕ್ಷೆ ರದ್ದು. ಅವಳು ಎದ್ದರೆ ರದ್ದು, ಮಾತಾಡಿದರೆ ರದ್ದು, ಕ್ಯಾಮೆರಾ ಆರಿದರೆ ರದ್ದು. ಇನ್ನೂ ಏನೇನೋ ಇದ್ದವು, ನನ್ನ ತಲೆಯಲ್ಲಿ ನಿಂತದ್ದು ಇಷ್ಟೇ. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಅತ್ತೆ, ಅನಿಲ್, ನಾನು ಮೂವರೂ ಜಗುಲಿಯ ಮೇಲೆ ಕೂತೆವು.

ಕಿಟಕಿ ತೆರೆದಿತ್ತು. ಪೆಟ್ಟಿಗೆ ಕಿಟಕಿಯ ಪಕ್ಕದಲ್ಲೇ, ತೆರೆದ ಮೈಯನ್ನು ನಮ್ಮ ಕಡೆ ಮಾಡಿಕೊಂಡಿತ್ತು. ಕ್ಯಾಮೆರಾಕ್ಕೆ ಕಿಟಕಿ ಕಾಣುತ್ತಿರಲಿಲ್ಲ. ನಮಗೆ ಪರದೆ ಕಾಣುತ್ತಿರಲಿಲ್ಲ, ಅನುವಿನ ಒಂದು ಕೆನ್ನೆ, ಬೆವರಿಳಿಯುವ ಕಿವಿ, ಅಷ್ಟೇ ಕಾಣುತ್ತಿತ್ತು. ಗುಂಯ್ ಅನ್ನುವ ಸದ್ದು ಕೇಳಿಸುತ್ತಿತ್ತು. ನಾನು ಆ ಸದ್ದನ್ನೇ ಜಪದ ಹಾಗೆ ಕೇಳುತ್ತಾ ಕೂತಿದ್ದೆ.

ಅರ್ಧ ಪರೀಕ್ಷೆ ಆಗಿರಬೇಕು. ಗುಂಯ್ ಅನ್ನುತ್ತಿದ್ದದ್ದು ಕರ್ ಕರ್ ಅಂದಿತು. ಆಮೇಲೆ ಏನೂ ಇಲ್ಲ.

ಅನಿಲ್ ಎದ್ದು ನಿಂತರು. ನನ್ನ ಕೈ ಹಿಡಿದುಕೊಂಡರು. "ಫ್ಯಾನ್ ನಿಂತೋಯ್ತು ಉಮಾ" ಅಂತ ಉಸಿರಲ್ಲೇ ಅಂದರು.

ಒಳಗೆ ಹೋಗಿ ಒಂದು ಬೆರಳಿನಿಂದ ಆ ಫ್ಯಾನನ್ನು ತಳ್ಳಿದರೆ ತಿರುಗುತ್ತಿತ್ತೋ ಏನೋ. ಹೋಗುವ ಹಾಗಿಲ್ಲ. ಸುಮ್ಮನಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಆರುತ್ತದೆ. ಇವರು ಬಾಗಿಲಿನ ಚಿಲಕಕ್ಕೆ ಕೈ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಅಳಬೇಕೋ ಬಯ್ಯಬೇಕೋ ನನಗೆ ಗೊತ್ತಾಗಲಿಲ್ಲ. ನಾಲ್ಕು ಹೆಜ್ಜೆಯ ಆಚೆ ನನ್ನ ಮಗಳು ಮುಳುಗುತ್ತಿದ್ದಾಳೆ, ನಾನು ದಡದಲ್ಲಿ ಕೈಕಟ್ಟಿ ನಿಂತಿದ್ದೇನೆ.

ಅಡಿಗೆಮನೆಯ ಹಿಂದಿನ ಬಾಗಿಲಿನಿಂದ ಹೋಗಿ ಮೊರ ತಂದದ್ದು ಅನಿಲ್. ಕಿಟಕಿಯ ಸರಳಿಗೆ ತಾಗದ ಹಾಗೆ ಹಿಡಿದು ಬೀಸಲು ಶುರುಮಾಡಿದರು. ಸದ್ದಿಲ್ಲ, ಗಾಳಿ ಮಾತ್ರ. ಒಳಗೆ ಅನುವಿನ ಹಣೆಯ ಕೂದಲು ಅಲುಗಿತು. ಅವಳು ಕಣ್ಣು ಹೊರಳಿಸಿ ಕಿಟಕಿಯ ಕಡೆ ನೋಡಿದಳು. ಆಗ ಒಳಗಿನಿಂದ ಟಿಣ್ ಅಂತು.

"ಹೀಟ್ ಜಾಸ್ತಿಯಾಗಿದೆ. ಅದಕ್ಕೇ ಕೂಗ್ತಿದೆ" ಅಂದರು ಇವರು ಪಿಸುಮಾತಿನಲ್ಲಿ. ಇನ್ನೂ ಜೋರಾಗಿ ಬೀಸಿದರು.

ಅವರಿಗೆ ಬೀಸಲು ಬರುವುದಿಲ್ಲ. ಮೊರವನ್ನು ಹಲಗೆಯ ಹಾಗೆ ಆಡಿಸುತ್ತಿದ್ದರು, ಗಾಳಿ ಅರ್ಧ ಗೋಡೆಗೆ ಹೋಗುತ್ತಿತ್ತು. ಅತ್ತೆಗೆ ನೋಡಿ ತಡೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

"ಕೊಡ್ಲಾ ಇತ್ತ. ನಾನು ಕಣದಾಗೆ ರಾಗಿ ತೂರಿದವ್ಳು. ಓಗ್ ಆ ಕಡೆ" ಅಂತ ಕಿವಿಯಲ್ಲಿ ಅಂದು ಮೊರ ಕಿತ್ತುಕೊಂಡರು.

ಬೀಸಿದರೆ ಹಾಗೆ ಬೀಸಬೇಕು. ಒಂದೇ ಲಯ, ಗಾಳಿಯೆಲ್ಲ ನೆಟ್ಟಗೆ ಪೆಟ್ಟಿಗೆಯೊಳಗೆ. ಮುಂಗೈ ಬಳೆಗಳನ್ನು ಸದ್ದಾಗದಂತೆ ಮೊಳಕೈವರೆಗೂ ಏರಿಸಿಕೊಂಡಿದ್ದರು. ಆದರೆ ಅವರಿಗೆ ಎಪ್ಪತ್ತು ದಾಟಿದೆ, ಬಿಸಿಲು ನೆತ್ತಿಯ ಮೇಲೆ. ಸ್ವಲ್ಪ ಹೊತ್ತಿಗೆ ತೋಳು ನಡುಗತೊಡಗಿತು. ಅನು ಅಜ್ಜಿಯನ್ನು ನೋಡಿದಳು. ಮತ್ತೆ ಟಿಣ್.

ನಾನು ಅನುವಿಗೆ ಕೈಸನ್ನೆ ಮಾಡಿದೆ, ಹೆದರಬೇಡ, ನಾವಿದ್ದೇವೆ ಅಂತ. ಅವಳ ತುಟಿ ಬಿಗಿಯಾಗಿತ್ತು, ಹುಬ್ಬು ಸ್ವಲ್ಪ ಅಲುಗಿತು. ಬೇಗ ಬೀಸಿ ಅನ್ನುತ್ತಿದ್ದಾಳೆ ಅಂತ ನಾನು ತಿಳಿದೆ. ಅತ್ತೆಗೆ ಹಾಗೇ ಹೇಳಿದೆ. ಅವರು ಹಲ್ಲು ಕಚ್ಚಿಕೊಂಡು ಬೀಸಿದರು. ಕಾಲು ಜಾರಿ ಗೋಡೆಗೆ ಒರಗಿಕೊಂಡರೂ ಮೊರ ನಿಲ್ಲಿಸಲಿಲ್ಲ.

ಆಗ ಅನು ಪೂರ್ತಿ ಈ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಬೇಡ, ಬೇಡ ಅಂತ ತಲೆ ಆಡಿಸಿದಳು.

ಒಳಗಿನಿಂದ ಈ ಸಲ ಉದ್ದನೆಯ ಸದ್ದು ಬಂತು. ಅನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಏಳಲಿಲ್ಲ.

"ಹೋಯ್ತು, ಮಿಷಿನ್ ಹೋಯ್ತು" ಅಂತ ಅನಿಲ್ ಬಾಗಿಲು ತಳ್ಳಿಕೊಂಡು ಒಳಗೆ ಓಡಿದರು. ನಾನೂ ಹಿಂದೆ ಹೋದೆ. ಪೆಟ್ಟಿಗೆಯೊಳಗೆ ಬೆರಳಿಟ್ಟು ಚುರ್ ಅಂತ ತೆಗೆದರು. ಬಿಸಿಯಾಗಿತ್ತು. ಆದರೆ ಕಂಪ್ಯೂಟರ್ ಓಡುತ್ತಿತ್ತು. ಕ್ಯಾಮೆರಾದ ಹಸಿರು ದೀಪ ಉರಿಯುತ್ತಲೇ ಇತ್ತು. ಕೀಬೋರ್ಡಿನ ದೀಪವೂ ಉರಿಯುತ್ತಿತ್ತು. ಏನೂ ಕೆಟ್ಟಿರಲಿಲ್ಲ.

ಪರದೆಯ ಮೇಲೆ ಕೆಂಪು ಪಟ್ಟಿಯಿತ್ತು. ಅನು ಅದನ್ನು ನಮಗೆ ಓದಿ ಹೇಳಿದಳು, ಪಾಠ ಒಪ್ಪಿಸುವವಳ ಹಾಗೆ, ಒಂದು ಏರಿಳಿತವಿಲ್ಲದೆ. ಅಭ್ಯರ್ಥಿ ಮೂರು ಸಲ ಪರದೆಯಿಂದ ಕಣ್ಣು ತೆಗೆದಿದ್ದಾರೆ. ಎರಡು ಸಲ ಎಚ್ಚರಿಸಲಾಗಿದೆ. ಪರೀಕ್ಷೆ ಮುಕ್ತಾಯವಾಗಿದೆ.

ಆ ಟಿಣ್ ಸದ್ದು ಬಿಸಿಯದಾಗಿರಲಿಲ್ಲ. ನಮ್ಮದಾಗಿತ್ತು.

"ನೀವು ಬೀಸ್ದೆ ಸುಮ್ನಿದ್ದಿದ್ರೆ ಕ್ಯಾಮೆರಾ ಆರ್ತಿತ್ತೇನಮ್ಮಾ?" ಅಂತ ಅನು ಅಪ್ಪನನ್ನು ಕೇಳದೆ ನನ್ನನ್ನು ಕೇಳಿದಳು. ನನಗೇನು ಗೊತ್ತು? ಆರುತ್ತಿತ್ತು ಅಂದರೆ ಅವಳಿಗೆ ಸಮಾಧಾನವೋ, ಆರುತ್ತಿರಲಿಲ್ಲ ಅಂದರೆ ಸಮಾಧಾನವೋ, ಅದೂ ನನಗೆ ಗೊತ್ತಾಗಲಿಲ್ಲ. ಅನಿಲ್ ಆ ಸಂಸ್ಥೆಯವರು ಕೊಟ್ಟಿದ್ದ ಫೋನ್ ನಂಬರಿಗೆ ಹಚ್ಚುತ್ತಲೇ ಇದ್ದರು. ನಿಮ್ಮ ಕರೆ ನಮಗೆ ಮುಖ್ಯ ಅಂತ ಒಂದು ಹೆಂಗಸಿನ ದನಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಲೇ ಇತ್ತು. "ಮೇಡಂ, ನಮ್ಮ ಹುಡುಗಿ ಕಾಪಿ ಹೊಡೀಲಿಲ್ಲ ಮೇಡಂ, ನಮ್ಮನ್ನ ನೋಡಿದ್ದು" ಅಂತ ಇವರು ಆ ದನಿಗೇ ಹೇಳುತ್ತಿದ್ದರು. ಫಿಟ್ಟರ್ ಅನಿಲ್, ಬಿಚ್ಚಿದ್ದನ್ನೆಲ್ಲ ಜೋಡಿಸುವ ಮನುಷ್ಯ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ಸುಟ್ಟ ಬೆರಳು ಬಾಯಲ್ಲಿ.

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮೊರ ಇನ್ನೂ ಕೈಯಲ್ಲಿತ್ತು. ಮುಖ ಕೆಂಪಗೆ, ಉಸಿರು ಮೇಲೆ ಕೆಳಗೆ.

"ಏನಾಯ್ತವ್ವಾ? ಕೆಟ್ಟೋಯ್ತಾ ಮಿಷಿನ್ನು?"

ಹೇಳಿಬಿಡಬೇಕು ಅಂತ ನನಗೆ ನಾಲಗೆ ತುರಿಸಿತು. ನೀವು ಬೀಸದೆ ಇದ್ದಿದ್ದರೆ, ಇವರು ಮೊರ ತರದೆ ಇದ್ದಿದ್ದರೆ, ನಾನು ಬೇಗ ಬೀಸಿ ಅನ್ನದೆ ಇದ್ದಿದ್ದರೆ. ಯಾರ ಮೇಲೆ ಕೂಗಾಡಲಿ? ಅನು ನನ್ನ ಕಡೆ ಒಂದು ಸಲ ನೋಡಿ, ಎದ್ದು ಅಜ್ಜಿಯ ಕೈಯಿಂದ ಮೊರ ತೆಗೆದುಕೊಂಡಳು.

"ಇಲ್ಲಜ್ಜೀ. ನೀನು ಬೀಸಿದ್ಯಲ್ಲ, ತಣ್ಣಗಾಯ್ತು."

"ಮತ್ತೆ ಇಷ್ಟ್ ಬಿರ್‌ಬಿರ್ನೆ ಮುಗೀತಾ?"

"ಹೂಂ, ಮುಗೀತು."

ಅತ್ತೆ ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ನನ್ನ ಕಡೆ ತಿರುಗಿ, "ನೋಡ್ದಾ ಉಮಾ? ಆ ಕರೆಂಟಿನ್ ಫ್ಯಾನು ಕೈ ಕೊಟ್ರೂ ನಮ್ ಮೊರ ಕೈ ಕೊಡ್ಲಿಲ್ಲ" ಅಂದರು. ಹಾಗೇ ಚಾಪೆಯ ಮೇಲೆ ಕೂತು ತೋಳು ಚಾಚಿದರು, ಭುಜ ಸೆಳೆಯುತ್ತಿದೆ, ಸ್ವಲ್ಪ ಎಣ್ಣೆ ತಿಕ್ಕು ಅಂತ. ನಾನು ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದೆ. ಅವರು ಕಣ್ಣು ಮುಚ್ಚಿಕೊಂಡು, "ಮುಂದಿನ್ ಪರೀಕ್ಷೆಗೂ ಯೋಚ್ನೆ ಮಾಡ್ಬ್ಯಾಡ್ರಿ, ನಾನೇ ಬೀಸ್ತೀನಿ" ಅಂದರು.

"ಹೂಂ ಅತ್ತೆ" ಅಂದೆ.